ಎಲ್ಲವೂ ನನ್ನದೇ ಎಂದು ಅಚ್ಚು ಹಾಕಿಸುವ ಮೊದಲು: ಲಾರಿನ್ ಹಿಲ್ ಆಲ್ಬಂ ಮತ್ತು ನಿಮ್ಮ ಎಂಟು ಹಾಡುಗಳು

ಪ್ರಶ್ನೆ: ನಾನು ಧಾರವಾಡದವಳು. ಕಾಲೇಜು ದಿನಗಳಿಂದ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಕೇಳುತ್ತ ಬಂದಿದ್ದೇನೆ. ಈಗ ಅದೇ ಧಾಟಿಯಲ್ಲಿ ಕನ್ನಡದಲ್ಲಿ ಎಂಟು ಹಾಡುಗಳ ಆಲ್ಬಂ ಮಾಡುತ್ತಿದ್ದೇನೆ. ಸಾಹಿತ್ಯ ನನ್ನದು. ರಾಗವನ್ನೂ ನಾನೇ ಮೊಬೈಲಿನಲ್ಲಿ ಹಾಡಿ ಇಟ್ಟುಕೊಳ್ಳುತ್ತೇನೆ. ಕೀಬೋರ್ಡ್ ನುಡಿಸುವ ಗೆಳೆಯ ಅವಕ್ಕೆ ಸ್ವರಗುಚ್ಛಗಳನ್ನು, ಅಂದರೆ ಕಾರ್ಡ್‌ಗಳನ್ನು ಕೂರಿಸಿದ್ದಾನೆ. ಒಂದು ಹಾಡಿನಲ್ಲಿ ಮಾತ್ರ ಬೇಸ್ ಗಿಟಾರ್ ಕಲಾವಿದರು ಮೊದಲು ಒಂದು ಎಳೆ ನುಡಿಸಿದರು, ನಾನು ಅದರ ಮೇಲೆ ಪಲ್ಲವಿ ಕಟ್ಟಿದೆ. ಮತ್ತೊಂದರ ಚರಣದಲ್ಲಿ ಗೆಳತಿಯೊಬ್ಬಳು ನಾಲ್ಕು ಸಾಲು ಬರೆದುಕೊಟ್ಟಿದ್ದಾಳೆ. ಬೆಂಗಳೂರಿನ ಸ್ಟುಡಿಯೋದವರು ತಾಳದ ಟ್ರ್ಯಾಕ್‌ಗಳನ್ನು ಮಾಡಿ, ಮಿಕ್ಸಿಂಗ್ ಮಾಡಿಕೊಟ್ಟರು. ಈಗ ‘ನಿರ್ಮಾಣ’ ಎಂದು ತಮ್ಮ ಹೆಸರು ಹಾಕಬೇಕು, ಹಾಡುಗಳಲ್ಲಿ ಅರ್ಧ ಪಾಲೂ ಬೇಕು ಎನ್ನುತ್ತಿದ್ದಾರೆ. ಗೆಳತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಹಣ ಕೊಟ್ಟಿದ್ದೇನೆ, ಆದರೆ ಯಾವುದೂ ಬರಹದಲ್ಲಿಲ್ಲ. ಅಮೆರಿಕದ ಗಾಯಕಿ ಲಾರಿನ್ ಹಿಲ್ ತಮ್ಮ ಆಲ್ಬಂ ಮೇಲೆ ಹಾಕಿಕೊಂಡ ಹಾಗೆ ರಚನೆ, ಸಂಗೀತ, ನಿರ್ಮಾಣ ಎಲ್ಲಕ್ಕೂ ನನ್ನ ಹೆಸರೊಂದೇ ಇರಲಿ ಎಂಬ ಆಸೆ ನನಗಿತ್ತು. ಆದರೆ ನನ್ನ ಅಣ್ಣ, ‘ಆ ಆಲ್ಬಂ ಅವಳು ಬರೆದದ್ದೇ ಅಲ್ಲ, ಕೋರ್ಟಿನಲ್ಲಿ ಸೋತಳು’ ಎನ್ನುತ್ತಾನೆ. ಇದು ನಿಜವೇ? ನನ್ನ ಹಾಡುಗಳಲ್ಲಿ ಯಾರಿಗೆ ಪಾಲು ಸಲ್ಲಬೇಕು? ಪಾಲು ಕೊಟ್ಟ ಮೇಲೆ ಇದು ನನ್ನ ಆಲ್ಬಂ ಆಗಿ ಉಳಿಯುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಣದ ಚಿಂತೆಗಿಂತ ಹೆಸರಿನ ಚಿಂತೆಯೇ ಹೆಚ್ಚಾಗಿ ಕಾಣುತ್ತದೆ. ಬರೆದವಳು ನಾನು, ಇತರರ ಹೆಸರು ಸೇರಿದರೆ ಕೇಳುಗರು ನನ್ನನ್ನು ಬರಿಯ ಗಾಯಕಿ ಎಂದುಕೊಂಡಾರು ಎಂಬ ಅಳುಕು ಅದು. ಹಾಡು ಬರೆಯುವ ಹೆಣ್ಣುಮಕ್ಕಳಿಗೆ ಈ ಅಳುಕು ಸುಮ್ಮನೆ ಹುಟ್ಟುವುದಿಲ್ಲ. ಪಕ್ಕದಲ್ಲಿ ಒಬ್ಬ ಗಂಡಸು ಕೀಬೋರ್ಡ್ ಮುಂದೆ ಕೂತಿದ್ದರೆ ಸಂಗೀತ ಅವನದೇ ಎಂದು ಊಹಿಸುವವರನ್ನು ಸ್ಟುಡಿಯೋದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಲಾರಿನ್ ಹಿಲ್ ಪ್ರಕರಣದ ಬೇರೂ ಇಲ್ಲೇ ಇದೆ. ಆದ್ದರಿಂದ ಅದನ್ನು ಮೊದಲು ಸರಿಯಾಗಿ ನೋಡೋಣ. ನಿಮ್ಮ ಅಣ್ಣ ಹೇಳಿದ್ದೂ ಪೂರ್ತಿ ನಿಜವಲ್ಲ, ಆಲ್ಬಂನ ಹೊದಿಕೆ ಹೇಳಿದ್ದೂ ಪೂರ್ತಿ ಸಾಕಾಗುವುದಿಲ್ಲ.

‘ದ ಮಿಸ್ಎಜುಕೇಶನ್ ಆಫ್ ಲಾರಿನ್ ಹಿಲ್’ ಹೊರಬಂದದ್ದು 1998ರ ಆಗಸ್ಟ್ 25ರಂದು. ತಾವಿದ್ದ ಫ್ಯೂಜೀಸ್ ತಂಡದ 1996ರ ಭಾರಿ ಯಶಸ್ಸಿನ ನಂತರ ಹಿಲ್ ಒಬ್ಬರೇ ಮಾಡಿದ ಮೊದಲ ಸ್ಟುಡಿಯೋ ಆಲ್ಬಂ ಅದು. ಇಂದಿಗೂ ಒಂದೇ ಒಂದು. ನ್ಯೂಯಾರ್ಕಿನ ಚಂಗ್ ಕಿಂಗ್ ಸ್ಟುಡಿಯೋ, ಜಮೈಕಾದ ಕಿಂಗ್‌ಸ್ಟನ್ನಿನಲ್ಲಿರುವ ಟಫ್ ಗಾಂಗ್ ಸ್ಟುಡಿಯೋ ಮೊದಲಾದ ಕಡೆ ಮುದ್ರಣ ನಡೆಯಿತು. ಒಂದು ಹಾಡಿಗೆ ಕಾರ್ಲೋಸ್ ಸಂಟಾನಾ ಗಿಟಾರ್ ನುಡಿಸಿದರು. ಡಿ'ಏಂಜೆಲೊ ಮತ್ತು ಮೇರಿ ಜೆ. ಬ್ಲೈಜ್ ಒಂದೊಂದು ಹಾಡಿಗೆ ದನಿ ಸೇರಿಸಿದರು. ಇನ್ನೊಂದರಲ್ಲಿ ಪಿಯಾನೋ ನುಡಿಸಿದ ಹುಡುಗ ಆಗ ಜಾನ್ ಸ್ಟೀಫನ್ಸ್ ಎಂಬ ಹೆಸರಿನ ವಿದ್ಯಾರ್ಥಿ. ಜಗತ್ತು ಈಗ ಅವರನ್ನು ಜಾನ್ ಲೆಜೆಂಡ್ ಎಂದು ಬಲ್ಲದು. ಹಾಡುಗಳ ನಡುವೆ ಬರುವ ತರಗತಿಯ ಸಂಭಾಷಣೆಯಲ್ಲಿ ಮೇಷ್ಟ್ರಾಗಿ ಮಾತನಾಡಿದ ರಾಸ್ ಬರಾಕಾ ಮುಂದೆ ನ್ಯೂಅರ್ಕ್ ನಗರದ ಮೇಯರ್ ಆದರು. 1999ರ ಗ್ರ್ಯಾಮಿಯಲ್ಲಿ ಹತ್ತು ನಾಮನಿರ್ದೇಶನ, ಐದು ಪ್ರಶಸ್ತಿ. ವರ್ಷದ ಆಲ್ಬಂ ಪ್ರಶಸ್ತಿಯೂ ಅವುಗಳಲ್ಲಿ ಒಂದು.

ಜಗಳ ಎದ್ದದ್ದು ಈ ಪ್ರಸಿದ್ಧರ ಜೊತೆಗಲ್ಲ. ಪ್ರಸಿದ್ಧರ ಬೆನ್ನ ಹಿಂದೆ ವ್ಯವಸ್ಥಾಪಕರು, ವಕೀಲರು ಇರುತ್ತಾರೆ. ಅವರ ಕಾಗದಪತ್ರ ಮುದ್ರಣಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಜಗಳಕ್ಕೆ ಎದ್ದವರು ನ್ಯೂ ಆರ್ಕ್ ಎಂಬ ಹೆಸರಿನಲ್ಲಿ ಆಕೆಯ ಜೊತೆ ದುಡಿದ ನಾಲ್ವರು: ವಾಡಾ ನೋಬಲ್ಸ್, ರಶೀಮ್ ಪ್ಯೂ, ಅವಳಿ ಸಹೋದರರಾದ ಟೆಜುಮೋಲ್ಡ್ ಮತ್ತು ಜೊಹಾರಿ ನ್ಯೂಟನ್. ಕೆಲವು ಹಾಡುಗಳ ಮುಖ್ಯ ರಚನೆಕಾರರೇ ನಾವು, ಇನ್ನು ಕೆಲವಕ್ಕೆ ದೊಡ್ಡ ಕೊಡುಗೆ ಕೊಟ್ಟಿದ್ದೇವೆ ಎಂದು 1998ರ ನವೆಂಬರಿನಲ್ಲಿ ದಾವೆ ಹೂಡಿದರು. ಹಿಲ್ ಒಪ್ಪಲಿಲ್ಲ. 2001ರ ಫೆಬ್ರುವರಿಯಲ್ಲಿ, ವಿಚಾರಣೆ ಮುಗಿದು ತೀರ್ಪು ಬರುವ ಮೊದಲೇ ರಾಜಿಯಾಯಿತು. ಮೊತ್ತ ಐವತ್ತು ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಇಷ್ಟನ್ನೇ ದಾಖಲೆ ಹೇಳುತ್ತದೆ. ‘ಕೋರ್ಟಿನಲ್ಲಿ ಸೋತಳು’ ಎಂಬುದಕ್ಕೆ ಆಧಾರವಿಲ್ಲ, ಏಕೆಂದರೆ ಯಾವ ನ್ಯಾಯಾಲಯವೂ ಯಾವ ಸಾಲು ಯಾರದೆಂದು ಹೇಳಲೇ ಇಲ್ಲ. ರಾಜಿ ಎಂದರೆ ತಪ್ಪೊಪ್ಪಿಗೆ ಎಂದು ಓದುವುದು ಸುಲಭ. ಆದರೆ ವರ್ಷಗಟ್ಟಲೆ ವಕೀಲರಿಗೆ ಸುರಿಯುವ ಹಣ, ಪ್ರತಿ ಹಾಡಿನ ಹುಟ್ಟನ್ನೂ ಸಾಕ್ಷಿಕಟ್ಟೆಯಲ್ಲಿ ನಿಂತು ವಿವರಿಸಬೇಕಾದ ಪಾಡು, ಇವುಗಳಿಂದ ಪಾರಾಗಲೂ ಜನ ರಾಜಿಯಾಗುತ್ತಾರೆ.

ಅವಳು ಏನನ್ನೂ ಬರೆದಿಲ್ಲ ಎಂಬ ಮಾತಂತೂ ಕಿವಿಯಿದ್ದವರು ಒಪ್ಪುವಂಥದ್ದಲ್ಲ. ಅದೇ 1998ರಲ್ಲಿ ಸೋಲ್ ಗಾಯಕಿ ಅರೀತಾ ಫ್ರ್ಯಾಂಕ್ಲಿನ್ ಅವರ ಆಲ್ಬಂನ ಶೀರ್ಷಿಕೆ ಗೀತೆಯನ್ನು ಬರೆದು ನಿರ್ಮಿಸಿದವರು ಹಿಲ್. ಮಗನ ಹುಟ್ಟು, ತಂಡ ಒಡೆದ ಕಹಿ, ನ್ಯೂಜೆರ್ಸಿಯ ಬಾಲ್ಯ ಇವೆಲ್ಲ ಬಾಡಿಗೆಗೆ ತಂದ ವಸ್ತುಗಳಲ್ಲ. 2018ರಲ್ಲಿ ಪಿಯಾನೋ ವಾದಕ ರಾಬರ್ಟ್ ಗ್ಲಾಸ್ಪರ್ ರೇಡಿಯೋ ಸಂದರ್ಶನವೊಂದರಲ್ಲಿ ಹಳೆಯ ಆರೋಪವನ್ನು ಮತ್ತೆ ಎತ್ತಿದಾಗ ಹಿಲ್ ದೀರ್ಘವಾದ ಲಿಖಿತ ಉತ್ತರ ಕೊಟ್ಟರು. ತನ್ನ ಅಭಿವ್ಯಕ್ತಿಯ ವಾಸ್ತುಶಿಲ್ಪಿ ತಾನೇ, ಜೊತೆಗಾರರು ನುರಿತ ಕುಶಲಕರ್ಮಿಗಳು ಎಂಬುದು ಅದರ ತಿರುಳು. ನನಗೆ ಆ ವಾದದಲ್ಲಿ ಬಹುಪಾಲು ಒಪ್ಪಿಗೆ ಇದೆ. ಎಂಟು ಜನ ಎಂಟು ದಿಕ್ಕಿಗೆ ಎಳೆಯುವಾಗ ‘ಇದು ಬೇಕು, ಅದು ಬೇಡ’ ಎನ್ನುವ ಒಂದು ಕಿವಿಯಿಲ್ಲದೆ ಅಂಥ ಆಲ್ಬಂ ಹುಟ್ಟುವುದಿಲ್ಲ. ಆದರೆ ಕೃತಿಸ್ವಾಮ್ಯದ ಲೆಕ್ಕ ಬೇರೆ. ಅಂತಿಮ ನಿರ್ಧಾರ ಯಾರದು ಎಂದು ಅದು ಕೇಳುವುದಿಲ್ಲ. ಈ ಸ್ವರಗಳನ್ನು, ಈ ಪದಗಳನ್ನು ಮೊದಲು ಹುಟ್ಟಿಸಿದವರು ಯಾರು ಎಂದು ಕೇಳುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ದಾವೆ ಹೂಡಿದ ಆ ನಾಲ್ವರ ಹೆಸರು ಆಲ್ಬಂನಲ್ಲಿ ಇರಲೇ ಇಲ್ಲ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಕೆಲವು ಹಾಡುಗಳಡಿ ‘ಹೆಚ್ಚುವರಿ ಕೊಡುಗೆ’ ಎಂಬ ರೀತಿಯಲ್ಲಿ ಹೆಸರುಗಳಿದ್ದವು. ಆದ್ದರಿಂದ ತಕರಾರು ಇದ್ದದ್ದು ಹೆಸರು ಯಾವ ಸಾಲಿನಲ್ಲಿದೆ ಎಂಬುದರ ಬಗ್ಗೆ. ಕೃತಜ್ಞತೆಯ ಸಾಲಿನಲ್ಲಿರುವ ಹೆಸರಿಗೆ ಹಣ ಬರುವುದಿಲ್ಲ, ರಚನೆಯ ಸಾಲಿನಲ್ಲಿರುವ ಹೆಸರಿಗೆ ಬರುತ್ತದೆ, ದಶಕಗಳವರೆಗೆ ಬರುತ್ತದೆ. 2018ರಲ್ಲಿ ರ‍್ಯಾಪ್ ಗಾಯಕ ಡ್ರೇಕ್ ಅವರ ಅಮೆರಿಕದ ಅಗ್ರ ಹಾಡೊಂದು ನಿಂತದ್ದು ಹಿಲ್ ಅವರ ‘ಎಕ್ಸ್-ಫ್ಯಾಕ್ಟರ್’ ತುಣುಕಿನ ಮೇಲೆ. ಇಪ್ಪತ್ತು ವರ್ಷದ ಹಳೆಯ ರಚನೆಗೆ ಮತ್ತೆ ಜೀವ, ಮತ್ತೆ ರಾಯಧನ.

‘ಎಕ್ಸ್-ಫ್ಯಾಕ್ಟರ್’ ಹಾಡಿನ ರಚನೆಕಾರರ ಪಟ್ಟಿ ನೋಡಿದರೆ ನಿಮಗೆ ನಗು ಬಂದೀತು. ಹಿಲ್ ಹೆಸರಿನ ಜೊತೆಗೆ ವು-ಟಾಂಗ್ ಕ್ಲಾನ್ ಎಂಬ ಹಿಪ್‌ಹಾಪ್ ತಂಡದವರು, ಅವರ ಜೊತೆಗೆ ಮಾರ್ವಿನ್ ಹ್ಯಾಮ್ಲಿಶ್ ಮತ್ತು ಬರ್ಗ್‌ಮನ್ ದಂಪತಿ. ವು-ಟಾಂಗ್ ಹಾಡೊಂದರ ತುಣುಕನ್ನು ಹಿಲ್ ಬಳಸಿದರು. ಆ ಹಾಡು ಅದಕ್ಕೂ ಮೊದಲು ಗ್ಲಾಡಿಸ್ ನೈಟ್ ಹಾಡಿದ ಹ್ಯಾಮ್ಲಿಶ್ ರಚನೆಯನ್ನು ಬಳಸಿತ್ತು. ಹೀಗೆ ಆ ಹಾಡಿನ ಹುಟ್ಟಿನಲ್ಲಿ ಕೈಯಿಲ್ಲದ ಹಾಲಿವುಡ್ಡಿನ ಹಿರಿಯರಿಗೆ ರಚನೆಯಲ್ಲಿ ಪಾಲು. ಅದೇ ಕೋಣೆಯಲ್ಲಿ ರಾತ್ರಿಯೆಲ್ಲ ಕೂತವರು ಮಾತ್ರ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಸತ್ತ ಅಥವಾ ದೂರದ ರಚನೆಕಾರರ ಪರವಾಗಿ ಪ್ರಕಾಶಕ ಕಂಪನಿ ಇರುತ್ತದೆ, ಎದುರಿಗೇ ಕೂತ ಗೆಳೆಯನ ಪರವಾಗಿ ಯಾರೂ ಇರುವುದಿಲ್ಲ. ಆ ಕೋಣೆಯಲ್ಲಿ ಲಿಖಿತ ಒಪ್ಪಂದ ಇರಲಿಲ್ಲ ಎಂಬುದೇ ಪ್ರಕರಣದ ಮೂಲ.

ಸೋಲ್ ಸಂಗೀತಕ್ಕೆ ಈ ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿದೆ. ಹಾಡು ಎಂದರೆ ಪದ ಮತ್ತು ರಾಗ ಎಂದು ಪಾಶ್ಚಾತ್ಯ ಪ್ರಕಾಶನ ಉದ್ಯಮ ಬಹು ಹಿಂದೆಯೇ ನಿಶ್ಚಯಿಸಿತು, ಅಚ್ಚಿನ ಹಾಳೆಯಲ್ಲಿ ಮಾರುತ್ತಿದ್ದದ್ದು ಅದನ್ನೇ ಆದ್ದರಿಂದ. ಸೋಲ್‌ನಲ್ಲಿ ಕೇಳುಗನ ಮೈಗೆ ತಟ್ಟುವುದು ಎಷ್ಟೋ ಸಲ ಬೇಸ್ ಗಿಟಾರಿನ ನಡೆ, ಡ್ರಮ್ಮಿನ ತೂಗು, ಪಿಯಾನೋದ ಒಂದು ಅರೆಗಳಿಗೆಯ ತಡವರಿಕೆ. ಅವು ಹಾಳೆಯ ಮೇಲೆ ಕೂರುವುದಿಲ್ಲ.

ಸೋಲ್ ಗಾಯಕ ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ನೋಡಿ. ಶೀರ್ಷಿಕೆ ಗೀತೆಯ ಬೀಜ ಗೇ ಅವರದಲ್ಲ. ಫೋರ್ ಟಾಪ್ಸ್ ತಂಡದ ಓಬಿ ಬೆನ್ಸನ್ 1969ರಲ್ಲಿ ಬರ್ಕ್ಲಿಯಲ್ಲಿ ಪ್ರತಿಭಟನಾಕಾರರ ಮೇಲೆ ಪೊಲೀಸರ ಹೊಡೆತ ಕಂಡು ಕಳವಳಗೊಂಡದ್ದರಿಂದ ಅದು ಹುಟ್ಟಿತು. ಆಲ್ ಕ್ಲೀವ್‌ಲ್ಯಾಂಡ್ ಜೊತೆ ಸೇರಿ ಬೆಳೆಸಿದರು. ಬೆನ್ಸನ್ ಅವರ ತಂಡಕ್ಕೆ ಅದು ಬೇಡವಾಯಿತು. ಗೇ ಕೈಗೆ ಬಂದ ಮೇಲೆ ರಾಗಕ್ಕೂ ಸಾಹಿತ್ಯಕ್ಕೂ ಹೊಸತು ಸೇರಿತು. ರಚನೆಯಲ್ಲಿ ಮೂವರ ಹೆಸರೂ ಇದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಹಾಡಿನ ಮೊದಲಿಗೆ ಕೇಳಿಸುವ, ಒಂದೆರಡು ಸ್ವರಕ್ಕೇ ಗುರುತು ಸಿಗುವ ಸ್ಯಾಕ್ಸಫೋನ್ ಇದೆಯಲ್ಲ, ಅದನ್ನು ನುಡಿಸಿದ ಈಲೈ ಫೌಂಟೇನ್ ಆಗ ವಾದ್ಯವನ್ನು ಕೈಗೆ ಒಗ್ಗಿಸಿಕೊಳ್ಳುತ್ತಿದ್ದರಷ್ಟೇ. ಇಷ್ಟೇ ಸಾಕು ಎಂದ ಗೇ, ಫೌಂಟೇನ್ ಅವರನ್ನು ಕಳುಹಿಸಿಬಿಟ್ಟರು. ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಇಲ್ಲದ ಆ ಹಾಡನ್ನು ಊಹಿಸುವುದೇ ಕಷ್ಟ. ರಚನೆಯಲ್ಲಿ ಇಬ್ಬರಿಗೂ ಪಾಲಿಲ್ಲ. ಆದರೂ ಮೋಟೌನ್ ಕಂಪನಿಯಲ್ಲಿ ಅಲ್ಲಿಯವರೆಗೆ ಅನಾಮಧೇಯರಾಗಿ ದುಡಿಯುತ್ತಿದ್ದ ವಾದಕರ ಹೆಸರುಗಳು ಹೊದಿಕೆಯ ಮೇಲೆ ಅಚ್ಚಾದದ್ದು ಆ ಆಲ್ಬಂನಿಂದ. ಅದೂ ಒಂದು ಹೆಜ್ಜೆ.

ನಮ್ಮಲ್ಲೂ ಬೇರೆಯೇನಿಲ್ಲ. ಭಾವಗೀತೆಯ ಕ್ಯಾಸೆಟ್ಟುಗಳ ಮೇಲೆ ಕವಿ, ರಾಗಸಂಯೋಜಕ, ಗಾಯಕ ಈ ಮೂರು ಹೆಸರುಗಳು ತಪ್ಪದೆ ಇರುತ್ತಿದ್ದವು. ಹಾಡಿನ ಮೊದಲು ಬರುವ ಕೊಳಲಿನ ತುಣುಕನ್ನು ಕಟ್ಟಿದವರು ಯಾರೆಂದು ಹುಡುಕಿ ನೋಡಿ.

ಇನ್ನು ನಿಮ್ಮ ವಿಷಯ. ಹಣ ಕೊಟ್ಟಿದ್ದೇನೆ, ಹಾಗಾಗಿ ಎಲ್ಲವೂ ನನ್ನದು ಎಂಬುದು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಿಕೆ ಮೂರನೆಯದು. ಮೂರಕ್ಕೂ ಬೇರೆ ಬೇರೆ ಕರ್ತೃ ಇರಬಹುದು. ಸಂಬಳದ ನೌಕರರಲ್ಲದವರು ರಚಿಸಿದ ರಾಗ ಅಥವಾ ಪದ, ನೀವು ಕೂಲಿ ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ತಿಳಿಯುತ್ತದೆ. ಇದಲ್ಲದೆ ನುಡಿಸಿದ ಪ್ರತಿಯೊಬ್ಬರಿಗೂ ಪ್ರದರ್ಶಕರ ಹಕ್ಕು ಎಂಬುದೊಂದು ಐವತ್ತು ವರ್ಷ ಇರುತ್ತದೆ. ತಾನು ನುಡಿಸಿದ್ದೆಂದು ಗುರುತಿಸಿಕೊಳ್ಳುವ ಹಕ್ಕೂ ಅದರೊಳಗಿದೆ. ಹಾಗಾಗಿ ಹೊದಿಕೆಯಲ್ಲಿ ನಿಮ್ಮ ಹೆಸರೊಂದೇ ಇರಬೇಕೆಂಬ ಆಸೆಯನ್ನು ಇಲ್ಲಿಗೇ ಕೈಬಿಡಿ.

ಕೀಬೋರ್ಡ್ ಗೆಳೆಯನ ಪ್ರಶ್ನೆ ಸುಲಭ. ನೀವು ಹಾಡಿಟ್ಟ ರಾಗಕ್ಕೆ ಆತ ಕಾರ್ಡ್ ಕೂರಿಸಿದ್ದಾನೆ. ರಾಗ ಬದಲಾಗಿಲ್ಲ. ಇದು ವಾದ್ಯಸಂಯೋಜನೆ. ಅದಕ್ಕೆ ಸಂಭಾವನೆ, ಸ್ಪಷ್ಟವಾದ ಹೆಸರು ಸಲ್ಲಬೇಕು. ರಚನೆಯ ಪಾಲು ಕೊಡುವ ವಾಡಿಕೆಯಿಲ್ಲ. ಆತನ ಕಾರ್ಡ್‌ಗಳಿಂದಾಗಿ ನೀವು ಯಾವುದಾದರೂ ಪಲ್ಲವಿಯ ಸ್ವರಗಳನ್ನೇ ಬದಲಿಸಿದ್ದರೆ ಆ ಹಾಡನ್ನು ಮಾತ್ರ ಪ್ರತ್ಯೇಕವಾಗಿ ಯೋಚಿಸಿ. ಗೆಳತಿಯ ನಾಲ್ಕು ಸಾಲೂ ಅಷ್ಟೇ ಸುಲಭ. ಸಲಹೆ ಕೊಟ್ಟಿದ್ದರೆ ಪಾಲಿಲ್ಲ, ಸಾಲುಗಳನ್ನೇ ಬರೆದಿದ್ದರೆ ಆಕೆ ಆ ಹಾಡಿನ ಸಹಸಾಹಿತಿ. ಎಷ್ಟು ಪಾಲು ಎಂಬುದನ್ನು ಸಾಲು ಎಣಿಸಿ ಗುಣಿಸಬೇಕಿಲ್ಲ, ಇಬ್ಬರೂ ಕೂತು ಒಪ್ಪಿಕೊಂಡರಾಯಿತು.

ಬೇಸ್ ಕಲಾವಿದರ ವಿಷಯ ಗಂಭೀರ. ಅವರ ಎಳೆ ಮೊದಲು, ನಿಮ್ಮ ಪಲ್ಲವಿ ಆಮೇಲೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಆ ಎಳೆ ಅಲಂಕಾರವಲ್ಲ, ಹಾಡಿನ ಮೂಲ. ಸ್ಟುಡಿಯೋದಲ್ಲಿ ನಾನು ಮಾಡಿಸುವ ಪರೀಕ್ಷೆ ಒಂದಿದೆ: ತಂಬೂರಿಯೊಂದನ್ನು ಬಿಟ್ಟು ಎಲ್ಲ ವಾದ್ಯ ನಿಲ್ಲಿಸಿ ಹಾಡಿ. ಹಾಡು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ಆಮೇಲೆ ಬೇಸ್ ಎಳೆಯನ್ನಷ್ಟೇ ನುಡಿಸಿ, ಬಲ್ಲವರು ಹಾಡನ್ನು ಗುರುತಿಸುತ್ತಾರೆಯೇ? ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಅವರಿಗೆ ಸಂಗೀತ ರಚನೆಯಲ್ಲಿ ಪಾಲು ಕೊಡಿ. ಇದು ಔದಾರ್ಯವಲ್ಲ, ಮುಂಜಾಗ್ರತೆ. ಬ್ರಿಟನ್ನಿನ ಪ್ರೋಕಲ್ ಹ್ಯಾರಮ್ ತಂಡದ 1967ರ ಪ್ರಸಿದ್ಧ ಹಾಡೊಂದರ ಆರ್ಗನ್ ಭಾಗಕ್ಕಾಗಿ ಮ್ಯಾಥ್ಯೂ ಫಿಷರ್ ಸುಮಾರು ನಾಲ್ಕು ದಶಕ ಕಳೆದ ಮೇಲೆ ನ್ಯಾಯಾಲಯಕ್ಕೆ ಹೋದರು. ಸಂಗೀತದಲ್ಲಿ ಶೇಕಡಾ 40ರ ಪಾಲು ಅವರದೆಂದು ತೀರ್ಮಾನವಾಯಿತು, 2009ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ಇಂಥ ಹಕ್ಕು ಕಾಲ ಸರಿದಂತೆ ತಾನಾಗಿ ಮಾಯವಾಗುತ್ತದೆ ಎಂದುಕೊಳ್ಳುವವರು ಅದನ್ನು ಓದಬೇಕು.

ಸ್ಟುಡಿಯೋದವರ ಬೇಡಿಕೆಯಲ್ಲಿ ಎರಡು ಸಂಗತಿ ಕಲಸಿಕೊಂಡಿವೆ. ಅರ್ಧ ಪಾಲು ಎಂಬ ರೂಢಿ ಹಿಪ್‌ಹಾಪ್ ಮತ್ತು ಈಚಿನ ಆರ್ ಅಂಡ್ ಬಿ ಲೋಕದ್ದು. ಅಲ್ಲಿ ತಾಳ ಮತ್ತು ಸಂಗೀತದ ಟ್ರ್ಯಾಕ್ ಮೊದಲು ಸಿದ್ಧವಾಗುತ್ತದೆ, ಗಾಯಕರು ಅದರ ಮೇಲೆ ಪದ ಮತ್ತು ರಾಗ ಕಟ್ಟುತ್ತಾರೆ. ನಿಮ್ಮಲ್ಲಿ ನಡೆದದ್ದು ತಿರುಗುಮುರುಗು, ಹಾಡು ಇದ್ದ ಮೇಲೆ ಟ್ರ್ಯಾಕ್ ಬಂದಿದೆ. ಅರ್ಧ ಕೊಡಬೇಕಾದ ಕಾರಣವಿಲ್ಲ. ಸಂಗೀತ ನಿರ್ಮಾಣ ಎಂಬುದು ರಚನೆಗಿಂತ ಬೇರೆ ಕೆಲಸ. ಏಮಿ ವೈನ್‌ಹೌಸ್ ಅವರ 2006ರ ‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಂನಲ್ಲಿ ಮಾರ್ಕ್ ರಾನ್ಸನ್ ಶೀರ್ಷಿಕೆ ಗೀತೆಯ ಸಹರಚನೆಕಾರ. ‘ರಿಹ್ಯಾಬ್’ ಹಾಡಿಗೂ ನಿರ್ಮಾಣ ಅವರದೇ, ಆದರೆ ರಚನೆ ವೈನ್‌ಹೌಸ್ ಒಬ್ಬರದು. ಬ್ರೂಕ್ಲಿನ್ನಿನ ಡ್ಯಾಪ್-ಕಿಂಗ್ಸ್ ವಾದಕರು ಆ ಆಲ್ಬಂಗೆ ಅದರ ಬಣ್ಣವನ್ನೇ ಕೊಟ್ಟರು, ಹೆಸರು ಪಡೆದರು, ಆದರೆ ಈ ಎರಡೂ ಹಾಡುಗಳ ರಚನೆಯ ಪಾಲು ಅವರಿಗಿಲ್ಲ. ಹೀಗೆ ಹಾಡು ಹಾಡಿಗೂ ಬೇರೆ ಲೆಕ್ಕ ಇಡಬಹುದು.

ಎರಡನೆಯದು ‘ನಿರ್ಮಾಣ’ ಎಂಬ ಸಾಲು. ಇಲ್ಲಿ ಎಚ್ಚರ ತಪ್ಪಬೇಡಿ. ಧ್ವನಿಮುದ್ರಿಕೆಯ ಕರ್ತೃ ಅದರ ನಿರ್ಮಾಪಕ ಎನ್ನುತ್ತದೆ ನಮ್ಮ ಕಾಯ್ದೆ, ಮತ್ತು ನಿರ್ಮಾಪಕ ಎಂದರೆ ಅದನ್ನು ಮಾಡಿಸುವ ಮುಂದಾಳತ್ವ, ಹೊಣೆ ಹೊತ್ತವರು. ಹಣ ಹಾಕಿ, ಜನರನ್ನು ಕೂಡಿಸಿದ್ದು ನೀವು. ಆ ಸಾಲಿನಲ್ಲಿ ಅವರ ಹೆಸರು ಬಿದ್ದರೆ ನಾಳೆ ಮುದ್ರಿಕೆಯೇ ತಮ್ಮದೆನ್ನಲು ಅದೊಂದು ಪುರಾವೆಯಾದೀತು. ‘ತಾಳ ವಿನ್ಯಾಸ, ಧ್ವನಿ ಸಂಯೋಜನೆ, ಮಿಕ್ಸಿಂಗ್’ ಎಂದು ಮಾಡಿದ ಕೆಲಸವನ್ನೇ ಬರೆಯಿರಿ. ಅವರ ಕೊಡುಗೆ ದೊಡ್ಡದೆನಿಸಿದರೆ ಮುದ್ರಿಕೆಯ ಆದಾಯದಲ್ಲಿ ಸಣ್ಣ ಶೇಕಡಾವಾರು ಕೊಡಬಹುದು. ಅದು ರಚನೆಯ ಪಾಲನ್ನು ಮುಟ್ಟುವುದಿಲ್ಲ.

ಈಗ ದಾರಿಗಳು. ಎಲ್ಲರಿಗೂ ಒಂದೇ ಸಲ ಹೆಚ್ಚು ಹಣ ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವುದು ಒಂದು. ಕಂಪನಿಗಳು ಇದನ್ನೇ ಇಷ್ಟಪಡುತ್ತವೆ. ಆದರೆ 2012ರ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಯೋಜಕರ ರಾಯಧನದ ಹಕ್ಕನ್ನು ಹೀಗೆ ಪೂರ್ತಿ ಬರೆಸಿಕೊಳ್ಳಲು ಬರುವುದಿಲ್ಲ. ಬರೆಸಿಕೊಂಡರೂ ಆ ಮಟ್ಟಿಗೆ ಅದು ನಿಲ್ಲುವುದಿಲ್ಲ. ಬೇಸ್ ಕಲಾವಿದರ ಮುಂದೆ ಅಂಥ ಕಾಗದ ಇಟ್ಟರೆ ಸ್ನೇಹವೂ ಹೋಗುತ್ತದೆ, ಕಾಗದವೂ ಕೆಲಸಕ್ಕೆ ಬರುವುದಿಲ್ಲ.

ಕೋಣೆಯಲ್ಲಿದ್ದವರೆಲ್ಲರಿಗೂ ಎಲ್ಲ ಹಾಡಿನಲ್ಲೂ ಸಮಪಾಲು ಎನ್ನುವವರಿದ್ದಾರೆ. ವರ್ಷಗಟ್ಟಲೆ ಜೊತೆಗಿರುವ ತಂಡಕ್ಕೆ ಅದು ಹೊಂದುತ್ತದೆ. ನಿಮ್ಮಂತೆ ಒಬ್ಬರ ಹಾಡುಗಳಿಗೆ ಹಲವರು ಬಂದು ಹೋಗುವಾಗ ಹೊಂದುವುದಿಲ್ಲ. ಅಮೆರಿಕದಲ್ಲಿ ಸಹಮಾಲೀಕರೊಬ್ಬರು ಉಳಿದವರಿಗೆ ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ ತಾವೇ ಪರವಾನಗಿ ಕೊಡಬಹುದು. ನಮ್ಮಲ್ಲಿ ಉಳಿದ ಸಹಮಾಲೀಕರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ವ್ಯಾಜ್ಯಕ್ಕೆ ಆಹ್ವಾನ. ಯಾವುದೋ ಚಿತ್ರದವರು ನಿಮ್ಮ ಹಾಡು ಕೇಳಿದಾಗ ಒಂದೇ ದಿನ ನುಡಿಸಿ ಹೋದವರನ್ನು ಹುಡುಕಿಕೊಂಡು ಅಲೆಯಬೇಕಾದೀತು. ಪಾಲು ಕೊಡುವ ಯಾರೊಂದಿಗೇ ಆಗಲಿ, ಪರವಾನಗಿ ಕೊಡುವ ಅಧಿಕಾರ ನಿಮಗಿರಲಿ, ಆದಾಯ ಹಂಚಿಕೆಯಾಗಲಿ ಎಂದು ಬರೆದುಕೊಳ್ಳಿ.

ನಾನು ಸೂಚಿಸುವುದು ಹಾಡಿಗೊಂದು ಹಾಳೆ. ಸಾಹಿತ್ಯ ಯಾರದು, ಎಷ್ಟು. ಸಂಗೀತ ಯಾರದು, ಎಷ್ಟು. ಮುದ್ರಿಕೆಯ ಒಡೆತನ ಯಾರದು. ಯಾರು ಏನು ನುಡಿಸಿದರು, ಎಷ್ಟು ಹಣ ಸಂದಿತು. ಎಲ್ಲರ ಸಹಿ, ದಿನಾಂಕ. ಇದರಲ್ಲಿಯೂ ಅಪಾಯವಿದೆ: ಇಷ್ಟು ದಿನ ಸುಮ್ಮನಿದ್ದವರು ಹಾಳೆ ನೋಡಿದ ಕೂಡಲೇ ಹೊಸದಾಗಿ ಕೇಳಲು ತೊಡಗಬಹುದು. ಕೇಳಲಿ. ಹಾಡಿಗೆ ಇನ್ನೂ ಬೆಲೆ ಬಂದಿಲ್ಲದಾಗ ಆಗುವ ಮಾತುಕತೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಹಿಲ್ ಪ್ರಕರಣದಲ್ಲಿ ಆಲ್ಬಂ ಹೊರಬಂದ ಮೂರೇ ತಿಂಗಳಿಗೆ ದಾವೆ ಬಿತ್ತು, ಅಷ್ಟರಲ್ಲಿ ಅದು ಲಕ್ಷಾಂತರ ಪ್ರತಿ ಮಾರಿಯಾಗಿತ್ತು. ಹಾಳೆಗಳ ಭಾಷೆಯನ್ನು ಕೃತಿಸ್ವಾಮ್ಯ ಬಲ್ಲ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ, ಏಕೆಂದರೆ ನನ್ನದು ಸ್ಟುಡಿಯೋ ಅನುಭವ, ವಕೀಲಿಯಲ್ಲ. ಸಾಹಿತಿ–ಸಂಯೋಜಕರಾಗಿ, ಹಾಡುಗಳ ರಾಯಧನ ಸಂಗ್ರಹಿಸಿ ಹಂಚುವ ಸಂಘವಾದ ಐಪಿಆರ್‌ಎಸ್‌ನಲ್ಲಿ ಸದಸ್ಯತ್ವ ಪಡೆದು, ಹಾಳೆಯಲ್ಲಿರುವ ಪಾಲುಗಳನ್ನೇ ಅಲ್ಲಿಯೂ ನೋಂದಾಯಿಸಿ. ಮೊಬೈಲಿನಲ್ಲಿರುವ ನಿಮ್ಮ ಮೊದಲ ಹಾಡಿಕೆಗಳನ್ನು ದಿನಾಂಕ ಅಳಿಯದ ಹಾಗೆ ಬೇರೆ ಕಡೆಯೂ ಉಳಿಸಿಡಿ. ರಾಗ ನಿಮ್ಮದೆಂದು ಹೇಳಲು ಅವುಗಳಿಗಿಂತ ಒಳ್ಳೆಯ ಸಾಕ್ಷಿ ನಿಮ್ಮ ಬಳಿ ಇಲ್ಲ.

ಪಾಲು ಕೊಟ್ಟರೆ ಆಲ್ಬಂ ನಿಮ್ಮದಾಗಿ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ‘ವಾಟ್ಸ್ ಗೋಯಿಂಗ್ ಆನ್’ ರಚನೆಯಲ್ಲಿ ಮೂರು ಹೆಸರಿವೆ, ಅದನ್ನು ಬೆನ್ಸನ್ ಆಲ್ಬಂ ಎಂದು ಯಾರೂ ಕರೆಯುವುದಿಲ್ಲ. ನಿಮ್ಮ ಎಂಟರಲ್ಲಿ ಆರು ಹಾಡುಗಳ ಸಾಹಿತ್ಯ ಮತ್ತು ಸಂಗೀತ ನಿಮ್ಮೊಬ್ಬರದೇ. ಒಂದರ ಸಾಹಿತ್ಯದಲ್ಲಿ ಗೆಳತಿ, ಒಂದರ ಸಂಗೀತದಲ್ಲಿ ಬೇಸ್ ಕಲಾವಿದರು ಸೇರುತ್ತಾರೆ. ಹೊದಿಕೆಯಲ್ಲಿ ಹಾಗೆಯೇ ಬರೆಯಿರಿ. ಮೊದಲು ಬೇಸ್ ಕಲಾವಿದರಿಗೆ ಫೋನ್ ಮಾಡಿ, ಅವರು ಕೇಳುವ ತನಕ ಕಾಯಬೇಡಿ. ಸ್ಟುಡಿಯೋದವರೊಂದಿಗೆ ಮಾತು ಮುಗಿದು ಎಂಟೂ ಹಾಳೆಗಳಿಗೆ ಸಹಿ ಬೀಳುವವರೆಗೆ ವಿತರಕರಿಗೆ ಒಂದು ಹಾಡನ್ನೂ ಕಳುಹಿಸಬೇಡಿ.